ಎರಡು ಡ್ರಮ್ಮಿನ ಆಕ್ವಾಪೋನಿಕ್ಸ್: ಸುಣ್ಣ ಕದಡುವ ಮುಂಚೆ

ಮೂಡಿಗೆರೆ, ಸಕಲೇಶಪುರದ ಕಡೆ ಮನೆಯ ಆಕ್ವಾಪೋನಿಕ್ಸ್ (ಮೀನು ಸಾಕಿದ ನೀರಿನಲ್ಲೇ ಗಿಡ ಬೆಳೆಸುವ ವಿಧಾನ) ಕೆಡುವ ಬಗೆ ಹೆಚ್ಚಾಗಿ ಒಂದೇ. ಎರಡು–ಮೂರು ತಿಂಗಳು ಪುದೀನ, ಹರಿವೆ ಚೆನ್ನಾಗಿಯೇ ಬರುತ್ತವೆ. ಆಮೇಲೆ ಪಿಎಚ್ ಇಳಿಯಿತೆಂದು, ಅಂದರೆ ನೀರು ಹುಳಿಯಾಯಿತೆಂದು, ಸಂಜೆ ಒಂದು ಹಿಡಿ ಸುಣ್ಣ ಕದಡುತ್ತಾರೆ. ಬೆಳಿಗ್ಗೆ ಮೀನೆಲ್ಲ ಮಗುಚಿ ತೇಲುತ್ತಿರುತ್ತವೆ. ಸುಣ್ಣ ಸುಟ್ಟಿತು ಎನ್ನುವುದು ಅರ್ಧ ಸತ್ಯ.

ಕಟ್ಟುವುದು ಕಷ್ಟವಿಲ್ಲ. 200 ಲೀಟರಿನ ಎರಡು ನೀಲಿ ಡ್ರಮ್ ಸಾಕು. ಔಷಧಿ ತುಂಬಿದ್ದವು ಎಷ್ಟು ತೊಳೆದರೂ ಬೇಡ. ಒಂದರಲ್ಲಿ ಮೀನು. ಇನ್ನೊಂದನ್ನು ಉದ್ದಕ್ಕೆ ಸೀಳಿದರೆ ಎರಡು ಗಿಡದ ತೊಟ್ಟಿ. 20 ಎಂಎಂ ಜಲ್ಲಿಯನ್ನು ನೀರು ತಿಳಿಯಾಗುವವರೆಗೆ ತೊಳೆದು 25 ಸೆಂ.ಮೀ. ತುಂಬಿ. ಒಂದೊಂದು ತೊಟ್ಟಿಯೂ ಹೆಚ್ಚುಕಡಿಮೆ ಒಂದೂವರೆ ಕ್ವಿಂಟಲ್ ತೂಗುತ್ತದೆ, ಕೆಳಗೆ ಸಿಮೆಂಟ್ ಬ್ಲಾಕೇ ಆಗಬೇಕು. ತಳದಲ್ಲಿ ಮುಕ್ಕಾಲು ಇಂಚಿನ ಪೈಪನ್ನು 20 ಸೆಂ.ಮೀ. ಎತ್ತರಕ್ಕೆ ನಿಲ್ಲಿಸಿ, ಬುಡದಲ್ಲಿ 6 ಎಂಎಂ ತೂತು ಕೊರೆದು, ಜಲ್ಲಿ ಸಿಕ್ಕದಂತೆ ಸುತ್ತ ಸೀಳುಗಳಿರುವ 4 ಇಂಚಿನ ಪೈಪು ಹೊದಿಸಿ. ಮೀನಿನ ನೀರನ್ನು ತೊಟ್ಟಿಗೆ ಎತ್ತುವ ಪಂಪು 15 ನಿಮಿಷ ಓಡಿ 45 ನಿಮಿಷ ನಿಲ್ಲುವಂತೆ ಟೈಮರ್ ಇಡಿ; ನಿಲ್ಲಿಸಿದ ಪೈಪಿನಿಂದ ನೀರು ಡ್ರಮ್ಮಿಗೆ ಮರಳುತ್ತದೆ. ನೀರು ಇಳಿದಾಗಲೇ ಬೇರಿಗೆ ಗಾಳಿ. ಮೇಲಿನ 5 ಸೆಂ.ಮೀ. ಜಲ್ಲಿ ಒಣಗಿರಲಿ, ಇಲ್ಲವಾದರೆ ಪಾಚಿ ಹಿಡಿಯುತ್ತದೆ.

ಮೀನು ಬಿಡಲು ಆತುರ ಬೇಡ. 180 ಲೀಟರಿಗೆ ಒಂದೂವರೆ ಗ್ರಾಂ ಶುದ್ಧ ಅಮೋನಿಯಂ ಕ್ಲೋರೈಡ್ ಹಾಕಿ ಓಡಿಸಿ. (ಕಲಾಯಿಯವರ ನವಸಾಗರವೂ ಇದೇ, ಆದರೆ ಕಲಬೆರಕೆ ಇರಬಹುದು.) ಮೀನಿನ ಹೊಲಸಿನ ಅಮೋನಿಯಾವನ್ನು ನೈಟ್ರೈಟ್, ಆಮೇಲೆ ಗಿಡಕ್ಕೆ ಬೇಕಾದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಜಲ್ಲಿಯಲ್ಲಿ ಕೂರಲು 4–6 ವಾರ, ಡಿಸೆಂಬರ್ ಚಳಿಯಲ್ಲಿ ಇನ್ನೂ ತಡ. ಅಷ್ಟೇ ಮತ್ತೆ ಹಾಕಿದಾಗ ಅಮೋನಿಯಾ, ನೈಟ್ರೈಟ್ ಎರಡೂ 24 ಗಂಟೆಯೊಳಗೆ ಸೊನ್ನೆಗೆ ಬಂದರೆ 8 ಗೆಂಡೆ ಮರಿ ಬಿಡಿ, ಹೆಚ್ಚಲ್ಲ.

ಈಗ ಸುಣ್ಣದ ವಿಷಯ. ಅಮೋನಿಯಾದಲ್ಲಿನ 1 ಗ್ರಾಂ ಸಾರಜನಕ ನೈಟ್ರೇಟ್ ಆಗುವಾಗ ನೀರಿನ ಕ್ಷಾರತೆ (ಹುಳಿಯನ್ನು ತಡೆಯುವ ಶಕ್ತಿ), ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಸುಮಾರು 7 ಗ್ರಾಂ, ಖರ್ಚಾಗುತ್ತದೆ. ಮಳೆನೀರಿನಲ್ಲಿ ಅದು ಮೊದಲೇ ಕಡಿಮೆ. ಪಿಎಚ್ 6ರ ಕೆಳಗಿಳಿದರೆ ಬ್ಯಾಕ್ಟೀರಿಯಾ ಕೆಲಸ ಬಿಡುತ್ತವೆ, ಅಮೋನಿಯಾ ಸೇರುತ್ತಾ ಹೋಗುತ್ತದೆ. ಹುಳಿ ನೀರಿನಲ್ಲಿ ಅದು ಅಮೋನಿಯಂ ಆಗಿರುವುದರಿಂದ ಮೀನಿಗೆ ಅಷ್ಟಾಗಿ ತಟ್ಟುವುದಿಲ್ಲ. ಸುಣ್ಣ ಬಿದ್ದು ಪಿಎಚ್ ಒಮ್ಮೆಗೇ ಏರಿತೋ, ಅದೇ ಅಮೋನಿಯಂ ವಿಷವಾಗುತ್ತದೆ. ಹಾಗಾಗಿ ಮೇವು ನಿಲ್ಲಿಸಿ, ಮೊದಲು ಮೂರನೇ ಒಂದು ಭಾಗ ನೀರು ಬದಲಿಸಿ. ಆಮೇಲೆ ಅರ್ಧ ಕೆ.ಜಿ. ಕಪ್ಪೆಚಿಪ್ಪು ಜಜ್ಜಿ, ಬಲೆಚೀಲದಲ್ಲಿ ನೀರು ಬೀಳುವ ಕಡೆ ಕಟ್ಟಿ. ನೀರು ಹುಳಿಯಾದಷ್ಟೇ ಅದು ಕರಗುತ್ತದೆ.

ಕಡೂರು, ಅರಸೀಕೆರೆಯ ಗಡಸು ಬೋರ್‌ವೆಲ್ ನೀರಿಗೆ ಚಿಪ್ಪು ಬೇಡವೇ ಬೇಡ. ಅಲ್ಲಿ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ: ಶೇ 6ರ ಇಡಿಡಿಎಚ್‌ಎ ಕಬ್ಬಿಣ (ಗಡಸು ನೀರಿನಲ್ಲೂ ಗಿಡಕ್ಕೆ ಸಿಗುವ ಚಿಲೇಟ್ ರೂಪ), 180 ಲೀಟರಿಗೆ 6 ಗ್ರಾಂ.

ತೋಟದ ಮನೆಯವರಿಗೆ ಇನ್ನೊಂದು ಮಾತು. ಬೋರ್ಡೋ ದ್ರಾವಣದ ಮೈಲುತುತ್ತ ಮೀನಿಗೆ ವಿಷ, ಮೆದು ನೀರಿನಲ್ಲಂತೂ ಹೆಚ್ಚು. ಕಾಫಿ, ಮೆಣಸಿಗೆ ಸಿಂಪಡಿಸುವ ದಿನ ಡ್ರಮ್ ಮುಚ್ಚಿಡಿ. ಹಂಚಿನ ನೀರು ಡ್ರಮ್ಮಿಗೆ ಬರುವ ಪೈಪನ್ನು ತಿರುಗಿಸಿ, ಒಂದೆರಡು ಮಳೆ ಹೊರಗೇ ಹರಿಯಲು ಬಿಡಿ.