ಸ್ಪೈಸ್ ಒಳಗೆ ನಡೆಯುವ ಲೆಕ್ಕ

5 ವೋಲ್ಟಿನ ಬ್ಯಾಟರಿ, 1 ಕಿಲೋ ಓಮ್ ರೆಸಿಸ್ಟರ್, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್. ಮೂರನ್ನೂ ಸಾಲಾಗಿ ಜೋಡಿಸಿದರೆ ಎಷ್ಟು ಕರೆಂಟ್ ಹರಿಯುತ್ತದೆ? ಡಯೋಡ್ ಜಾಗದಲ್ಲಿ ಇನ್ನೊಂದು ರೆಸಿಸ್ಟರ್ ಇದ್ದಿದ್ದರೆ ಓಮನ ನಿಯಮ ಹಚ್ಚಿ ಬಾಯಲ್ಲೇ ಉತ್ತರ ಹೇಳಬಹುದಿತ್ತು. ಡಯೋಡ್ ಅಷ್ಟು ಸಲೀಸಲ್ಲ. ಅದರ ವೋಲ್ಟೇಜ್ ಸುಮಾರು 60 ಮಿಲಿವೋಲ್ಟ್ ಏರಿದರೆ ಸಾಕು, ಕರೆಂಟ್ ಹತ್ತು ಪಟ್ಟಾಗುತ್ತದೆ. ಕರೆಂಟ್ ತಿಳಿಯಲು ವೋಲ್ಟೇಜ್ ಬೇಕು, ವೋಲ್ಟೇಜ್ ತಿಳಿಯಲು ಕರೆಂಟ್ ಬೇಕು. ಸಮೀಕರಣ ಬರೆಯುವುದು ಸುಲಭ. ಶಾಲೆಯ ಬೀಜಗಣಿತದಿಂದ ಅದು ಬಿಡಿಸಲು ಬಾರದು.

ಹಾಗಾಗಿ ಸ್ಪೈಸ್‌ನಂಥ ಸಿಮ್ಯುಲೇಟರ್, ಅಂದರೆ ಸರ್ಕ್ಯೂಟ್ ಹೇಗೆ ನಡೆದುಕೊಳ್ಳುತ್ತದೆ ಎಂದು ಕಂಪ್ಯೂಟರಿನಲ್ಲೇ ಲೆಕ್ಕ ಹಾಕುವ ತಂತ್ರಾಂಶ, ಊಹೆಯಿಂದ ಶುರುಮಾಡುತ್ತದೆ. ಡಯೋಡ್ ಮೇಲೆ 0.6 ವೋಲ್ಟ್ ಇದೆ ಎಂದುಕೊಳ್ಳೋಣ. ರೆಸಿಸ್ಟರ್ ಲೆಕ್ಕದಲ್ಲಿ 4.4 ಮಿಲಿಆಂಪಿಯರ್ ಹರಿಯಬೇಕು. ಸಾಮಾನ್ಯ ಸಿಲಿಕಾನ್ ಡಯೋಡಿನ ಸೂತ್ರ ಹೇಳುವುದು ಬರೀ 0.12. ತಾಳೆಯಾಗಲಿಲ್ಲ. ಆಗ ಆ ಬಿಂದುವಿನಲ್ಲಿ ಡಯೋಡಿನ ವಕ್ರರೇಖೆಗೆ ಒಂದು ಸ್ಪರ್ಶರೇಖೆ ಎಳೆದು, ಡಯೋಡ್ ಆ ಸರಳರೇಖೆಯಂತೆಯೇ ನಡೆದುಕೊಳ್ಳುತ್ತದೆ ಎಂದು ಭಾವಿಸಿ ಮತ್ತೆ ಬಿಡಿಸುತ್ತದೆ. ನ್ಯೂಟನ್-ರಾಫ್ಸನ್ ವಿಧಾನ ಎಂದರೆ ಇದೇ. ಆದರೆ ಇಲ್ಲಿ ಹೊಸ ಊಹೆ ಸುಮಾರು 1.37 ವೋಲ್ಟಿಗೆ ಹಾರುತ್ತದೆ. ಅಷ್ಟು ವೋಲ್ಟೇಜಿಗೆ ಡಯೋಡಿನ ಸೂತ್ರ ಕೊಡುವ ಕರೆಂಟ್ 80 ಕೋಟಿ ಆಂಪಿಯರ್‌ಗೂ ಹೆಚ್ಚು! ಅದಕ್ಕೇ ಡಯೋಡಿನ ವೋಲ್ಟೇಜ್ ಒಂದೇ ಸುತ್ತಿನಲ್ಲಿ ಎಷ್ಟು ಏರಬಹುದೆಂಬುದಕ್ಕೆ ಸಿಮ್ಯುಲೇಟರಿನಲ್ಲಿ ಲಗಾಮು ಇರುತ್ತದೆ. ಹಾಗೆ ಹಿಡಿದು ಹಿಡಿದು ಬಿಟ್ಟರೆ ಕೆಲವೇ ಸುತ್ತುಗಳಲ್ಲಿ ಲೆಕ್ಕ 0.69 ವೋಲ್ಟ್, 4.3 ಮಿಲಿಆಂಪಿಯರ್‌ಗೆ ಬಂದು ನಿಲ್ಲುತ್ತದೆ. ಈ ಲಗಾಮು ನನಗೆ ಬಹಳ ಮೆಚ್ಚಿನ ಸಂಗತಿ. ಬರೀ ಗಣಿತ ಬಲ್ಲವರಿಗೆ ಇದು ಹೊಳೆಯುತ್ತಿರಲಿಲ್ಲ, ಡಯೋಡಿನ ಸ್ವಭಾವವೂ ಗೊತ್ತಿರಬೇಕು.

ಸರ್ಕ್ಯೂಟ್ ದೊಡ್ಡದಾದರೆ ಪ್ರತಿ ನೋಡ್‌ಗೂ, ಅಂದರೆ ಬಿಡಿಭಾಗಗಳು ಕೂಡುವ ಪ್ರತಿ ಬಿಂದುವಿಗೂ, ಕಿರ್ಚಾಫ್ ನಿಯಮದ (ಒಳಬಂದಷ್ಟೇ ಕರೆಂಟ್ ಹೊರಹೋಗಬೇಕು) ಒಂದೊಂದು ಸಮೀಕರಣ; ಸಾವಿರಾರು ಸಮೀಕರಣಗಳನ್ನು ಒಟ್ಟಿಗೆ ಬಿಡಿಸಬೇಕು. ಚಾರ್ಜ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಇದ್ದರೆ ವೋಲ್ಟೇಜ್ ಹೊತ್ತು ಕಳೆದಂತೆ ಬದಲಾಗುತ್ತದೆ; ಆಗ ಕಾಲವನ್ನೂ ಚೂರು ಚೂರು ಮಾಡಿ, ಚೂರು ಚೂರಿಗೂ ಇದೇ ಲೆಕ್ಕ.

ಇಂಥ ತಂತ್ರಾಂಶಗಳಲ್ಲಿ ಹೆಚ್ಚಿನವುಗಳ ಮೂಲ ಒಂದೇ: ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಸ್ಪೈಸ್. ರೊನಾಲ್ಡ್ ರೋರರ್ ಅವರ ತರಗತಿಯ ಕೆಲಸವಾಗಿ ಆರಂಭವಾದದ್ದನ್ನು ವಿದ್ಯಾರ್ಥಿ ಲಾರೆನ್ಸ್ ನೇಗಲ್, ಡೊನಾಲ್ಡ್ ಪೆಡರ್ಸನ್ ಮಾರ್ಗದರ್ಶನದಲ್ಲಿ ಬೆಳೆಸಿ 1973ರಲ್ಲಿ ಹೊರತಂದರು. ಅದರ ಅಗತ್ಯ ಆಗಲೇ ಒತ್ತಿ ಬಂದಿತ್ತು. ಚಿಪ್ಪಿನೊಳಗಿನ ಸರ್ಕ್ಯೂಟನ್ನು ಬ್ರೆಡ್‌ಬೋರ್ಡ್ (ಬಿಡಿಭಾಗಗಳನ್ನು ಜೋಡಿಸಿ ಪರೀಕ್ಷಿಸುವ ಹಲಗೆ) ಮೇಲೆ ಕಟ್ಟಿ ನೋಡಿದರೆ ಅದೇ ಫಲಿತಾಂಶ ಸಿಗದು, ಚಿಪ್ ತಯಾರಾದ ಮೇಲೆ ತಪ್ಪು ಕಂಡರೆ ಬಿಚ್ಚಿ ತಿದ್ದಲಾಗದು. ಪೆಡರ್ಸನ್ ಮಾತ್ರ ಇದು ಎಲ್ಲರಿಗೂ ಮುಕ್ತವಾಗಿ ಸಿಗಬೇಕೆಂದು ಪಟ್ಟು ಹಿಡಿದರು. ಇಂದಿನ ಎನ್‌ಜಿಸ್ಪೈಸ್, ಎಲ್‌ಟಿಸ್ಪೈಸ್ ಉಚಿತವಾಗಿ ಸಿಗುತ್ತವೆ. ಈ ಕ್ಷೇತ್ರ ಪೆಡರ್ಸನ್ ಅವರ ಆ ಹಟಕ್ಕೆ ಋಣಿ ಎಂದೇ ನನ್ನ ನಂಬಿಕೆ.

ಸಿಮ್ಯುಲೇಟರಿನ ಮಿತಿ ತಿಳಿಯಬೇಕಾದರೆ ಎರಡು ಎಲ್‌ಇಡಿಗಳನ್ನು ಸರದಿಯಂತೆ ಮಿನುಗಿಸುವ ಮಲ್ಟಿವೈಬ್ರೇಟರ್ ಬರೆದು ಓಡಿಸಿ ನೋಡಿ. ಎಷ್ಟೋ ಸಲ ಅದು ಮಿನುಗುವುದೇ ಇಲ್ಲ. ಎರಡೂ ಬದಿಯ ಟ್ರಾನ್ಸಿಸ್ಟರುಗಳು ಕಂಪ್ಯೂಟರಿನಲ್ಲಿ ಅಚ್ಚು ಹೊಡೆದಂತೆ ಒಂದೇ. ಯಾವುದು ಮೊದಲು ಆನ್ ಆಗಬೇಕೆಂಬುದಕ್ಕೆ ಕಾರಣವೇ ಇಲ್ಲದೆ ಎರಡೂ ಸಮತೋಲದಲ್ಲಿ ನಿಂತುಬಿಡುತ್ತವೆ. ಮೇಜಿನ ಮೇಲೆ ಕಟ್ಟಿದ ಸರ್ಕ್ಯೂಟಿನಲ್ಲಿ ಬಿಡಿಭಾಗಗಳ ಸಣ್ಣ ವ್ಯತ್ಯಾಸ, ಶಾಖದಿಂದ ಏಳುವ ವಿದ್ಯುತ್ ಗದ್ದಲ ಆ ಸಮತೋಲವನ್ನು ತಾವಾಗಿ ಮುರಿಯುತ್ತವೆ. ಸಿಮ್ಯುಲೇಟರಿನಲ್ಲಿ ಅದನ್ನು ನಾವೇ ಮುರಿಯಬೇಕು: ಒಂದು ಕೆಪಾಸಿಟರಿಗೆ ಆರಂಭದ ವೋಲ್ಟೇಜ್ ಕೊಟ್ಟರೆ ಆಯಿತು.

ಇನ್ನುಳಿದದ್ದೂ ಹೀಗೆಯೇ. ನೀವು ಬರೆಯದಿದ್ದರೆ ತಂತಿಗೆ ರೋಧವಿಲ್ಲ, ಬ್ಯಾಟರಿ ಸೋಲುವುದಿಲ್ಲ, 80 ಆಂಪಿಯರ್ ಹರಿದರೂ ಪುಟ್ಟ ಟ್ರಾನ್ಸಿಸ್ಟರ್ ಸುಡುವುದಿಲ್ಲ. ಅನುಭವಿಗಳು ಅದಕ್ಕೇ ಬ್ಯಾಟರಿಗೆ ಒಳರೋಧ ಸೇರಿಸುತ್ತಾರೆ, ರೆಸಿಸ್ಟರುಗಳ ರೋಧವನ್ನು ಶೇಕಡ 5ರಷ್ಟು ಆಚೀಚೆ ಅಲುಗಾಡಿಸಿ ಒಂದೇ ಸರ್ಕ್ಯೂಟನ್ನು ನೂರಾರು ಬಾರಿ ಓಡಿಸುತ್ತಾರೆ. ಮೋಂಟೆ ಕಾರ್ಲೊ ಎಂದು ಕರೆಯುವ ಈ ಓಟದಲ್ಲಿ ಯಾವ ಬಿಡಿಭಾಗ ಸ್ವಲ್ಪ ಅಲುಗಿದರೂ ಇಡೀ ಸರ್ಕ್ಯೂಟ್ ಕೆಡುತ್ತದೆ ಎಂಬುದು, ಸೋಲ್ಡರಿಂಗ್ ಕಡ್ಡಿ ಬಿಸಿಯಾಗುವ ಮೊದಲೇ ಗೊತ್ತಾಗುತ್ತದೆ.