ಕೊಡಗಿನ ನಂಬರ್‌ಗಳು ಊರೂರು ಸುತ್ತಿದ ಬಗೆ

ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದನ್ನು ಮೂರನೆಯವರು ಓದಲಾಗದು ಎನ್ನುತ್ತದೆ ಕಂಪನಿ. ಹಾಗಿದ್ದರೆ ಗುರುತೇ ಇಲ್ಲದವರು ಫೋನ್ ಮಾಡಿ ನಮ್ಮ ಹೆಸರು, ಊರು, ತೋಟದ ವಿವರ ಎಲ್ಲವನ್ನೂ ಒಪ್ಪಿಸುವುದು ಹೇಗೆ? ಮಡಿಕೇರಿ, ವಿರಾಜಪೇಟೆ ಕಡೆ ಈ ಚರ್ಚೆ ಎದ್ದಾಗಲೆಲ್ಲ ಒಬ್ಬರು ಕಂಪನಿಯನ್ನು ಬೈದರೆ ಇನ್ನೊಬ್ಬರು ಸರ್ಕಾರವನ್ನು ಬೈದು ಮುಗಿಸುತ್ತಾರೆ. ವಿಷಯ ಅದಕ್ಕಿಂತ ಗೋಜಲಾಗಿದೆ.

ಲ್ಯಾಂಡ್‌ಲೈನ್‌ಗೆ ವರ್ಷಗಟ್ಟಲೆ ಕಾದ, ಆಮೇಲೆ ಟವರ್ ಸಿಗುವ ದಿಣ್ಣೆ ಹುಡುಕಿ ಎಸ್ಸೆಮ್ಮೆಸ್ ಕಳಿಸಿದ ಜಿಲ್ಲೆ ನಮ್ಮದು. 2009ರಲ್ಲಿ ಹುಟ್ಟಿದ ವಾಟ್ಸ್‌ಆ್ಯಪ್ಪನ್ನು ಫೇಸ್‌ಬುಕ್ 2014ರಲ್ಲಿ ಕೊಂಡಿತು. 2016ರ ಏಪ್ರಿಲ್‌ನಲ್ಲಿ ಎಲ್ಲರ ಸಂದೇಶಗಳಿಗೂ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಬಂತು. ಅಂದರೆ ಸಂದೇಶಕ್ಕೆ ಬೀಗ ಬೀಳುವುದು ಕಳಿಸುವವರ ಫೋನಿನಲ್ಲಿ, ತೆರೆಯುವುದು ಪಡೆಯುವವರ ಫೋನಿನಲ್ಲಿ. ನಡುವಿನ ಸರ್ವರ್‌ಗೆ ಅದು ಅರ್ಥವಿಲ್ಲದ ಅಕ್ಷರರಾಶಿ. ಆದರೆ ಯಾವ ನಂಬರ್ ಯಾವ ನಂಬರಿನ ಜೊತೆ ಯಾವಾಗ ಮಾತಾಡಿತು ಎಂಬುದಕ್ಕೆ ಆ ಬೀಗ ಅನ್ವಯಿಸದು. ಗೂಗಲ್ ಡ್ರೈವ್‌ನಲ್ಲಿ ಕೂತ ಬ್ಯಾಕಪ್‌ಗೂ 2021ರವರೆಗೆ ಅಂಥ ಬೀಗ ಇರಲಿಲ್ಲ. ಈಗ ಇದೆ, ಸೆಟ್ಟಿಂಗ್ಸ್‌ಗೆ ಹೋಗಿ ನಾವೇ ಹಾಕಿಕೊಂಡರೆ.

ಬೀಗ ಬಂದ ವರ್ಷವೇ ಬಳಕೆದಾರರ ಮಾಹಿತಿಯನ್ನು ಫೇಸ್‌ಬುಕ್ ಜೊತೆ ಹಂಚಿಕೊಳ್ಳುವ ನೀತಿಯೂ ಬಂತು. 2017ರಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಖಾಸಗಿತನವನ್ನು ಮೂಲಭೂತ ಹಕ್ಕು ಎಂದಿತು. ವಾಟ್ಸ್‌ಆ್ಯಪ್‌ನ 2021ರ ಹೊಸ ನೀತಿಗಾಗಿ ಭಾರತೀಯ ಸ್ಪರ್ಧಾ ಆಯೋಗ 2024ರ ನವೆಂಬರ್‌ನಲ್ಲಿ ಮೆಟಾಗೆ (ಫೇಸ್‌ಬುಕ್ ಕಂಪನಿಯ ಈಗಿನ ಹೆಸರು) 213 ಕೋಟಿ ರೂಪಾಯಿ ದಂಡ ಹಾಕಿತು. ಇತ್ತ ಸಂದೇಶದ ಮೂಲ ಯಾರೆಂದು ಪತ್ತೆ ಮಾಡಿಕೊಡಬೇಕೆಂಬ 2021ರ ಐಟಿ ನಿಯಮದ ವಿರುದ್ಧ ಕಂಪನಿ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು.

ಇವೆಲ್ಲ ದೆಹಲಿಯ ಜಗಳ. ಕೊಡಗಿನ ಕತೆ ತಿರುಗಿದ್ದು 2018ರಲ್ಲಿ.

ಆ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ ಕಡೆ ಬೆಟ್ಟಗಳೇ ಜಾರಿ ರಸ್ತೆ ಮುಚ್ಚಿಹೋದವು. ಕರೆಂಟ್ ಇಲ್ಲ, ಸಿಗ್ನಲ್ ಬಂದರೆ ಬಂತು. ಬೆಂಗಳೂರು, ದುಬೈನಲ್ಲಿದ್ದ ಮಕ್ಕಳು ಲಿಂಕ್ ಹಿಡಿದು ಗ್ರೂಪ್‌ಗಳಿಗೆ ಸೇರಿದರು. ಒಂದು ಗ್ರೂಪಿಗೆ ಆಗ 256 ಜನರ ಮಿತಿ. ತುಂಬಿದೊಡನೆ ಎರಡನೆಯದು, ಮೂರನೆಯದು. ಅಪ್ಪ ಅಮ್ಮನ ಹೆಸರು, ವಯಸ್ಸು, ಮನೆಗೆ ಹೋಗುವ ದಾರಿ, ಯಾವ ಮಾತ್ರೆ ಮುಗಿದಿದೆ, ಪಕ್ಕದ ಮನೆಯವರ ನಂಬರ್, ನೆರವಿಗೆಂದು ಪಾಸ್‌ಬುಕ್‌ನ ಫೋಟೊ, ಎಲ್ಲವೂ ಅಲ್ಲಿ ಬಿದ್ದವು. ಬೇರೆ ದಾರಿ ಇರಲಿಲ್ಲ. ಆ ಹೊತ್ತಿನಲ್ಲಿ ಖಾಸಗಿತನದ ಮಾತೆತ್ತಿದವರನ್ನು ಜನ ಬೈಯುತ್ತಿದ್ದರೇನೋ.

ಬೈಯಬೇಕಾದ್ದು ಆಮೇಲಿನದನ್ನು. ನೀರಿಳಿದ ಮೇಲೂ ಎಷ್ಟೋ ಗ್ರೂಪ್‌ಗಳು ಉಳಿದವು. ಹೆಸರು ಬದಲಿಸಿಕೊಂಡು ಒಂದು ಕಾಫಿ ರೇಟಿನ ಗ್ರೂಪ್ ಆಯಿತು, ಒಂದು ಜಾಗ ಮಾರುವವರದು, ಮತ್ತೊಂದು ಹೋಮ್‌ಸ್ಟೇ ಬುಕಿಂಗ್‌ನದು. ಅದೇ ಜನ, ಅದೇ ನಂಬರ್‌ಗಳು, ಜೊತೆಗೆ ಯಾರ ಕಡೆಯವರೋ ಗೊತ್ತಿಲ್ಲದ ನೂರು ಮಂದಿ. ಅದೇ ವರ್ಷದ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವದಂತಿಗೆ ಒಬ್ಬರ ಕೊಲೆಯಾಗಿ, ವಾಟ್ಸ್‌ಆ್ಯಪ್ ಭಾರತದಲ್ಲಿ ಫಾರ್ವರ್ಡ್ ಅನ್ನು ಒಮ್ಮೆಗೆ ಐದು ಚಾಟ್‌ಗೆ ಇಳಿಸಿತ್ತು. ವದಂತಿ ತಡೆಯುವ ಬಗ್ಗೆ ಎಲ್ಲರೂ ಮಾತಾಡಿದರು. ಹಂಚಿಹೋದ ನಂಬರ್‌ಗಳನ್ನು ಯಾರೂ ನೆನೆಸಲಿಲ್ಲ.

ಅಭ್ಯಾಸ ಮಾತ್ರ ಉಳಿಯಿತು. ಕಾಫಿ ಕುಯ್ಲಿಗೆ ಹೊರಗಿನಿಂದ ಬಂದ ಕಾರ್ಮಿಕರ ಆಧಾರ್ ಅನ್ನು ತೋಟದ ಲೆಕ್ಕ ನೋಡುವ ರೈಟರ್ ಫೋಟೊ ತೆಗೆದು ಗ್ರೂಪಿಗೆ ಹಾಕುತ್ತಾರೆ. ಲೈನ್‌ಮನೆಯ (ಕಾರ್ಮಿಕರ ಸಾಲುಮನೆಯ) ಆ ಮನುಷ್ಯನನ್ನು ಕೇಳಿದವರಿಲ್ಲ. ಹೋಮ್‌ಸ್ಟೇಗೆ ಬರುವವರ ಗುರುತಿನ ಚೀಟಿಗಳದೂ ಅದೇ ಪಾಡು. ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ 2022ರ ಮೇ ತಿಂಗಳಲ್ಲಿ, ಪೂರ್ತಿ ಆಧಾರ್ ಪ್ರತಿ ಯಾರಿಗೂ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ ಎಂದಿತ್ತು. ಎರಡೇ ದಿನಕ್ಕೆ ಆ ಪ್ರಕಟಣೆಯನ್ನು ವಾಪಸ್ ಪಡೆಯಲಾಯಿತು. ಮಾಸ್ಕ್ಡ್ ಆಧಾರ್ ಈಗಲೂ ಡೌನ್‌ಲೋಡ್ ಆಗುತ್ತದೆ, ಕೇಳುವವರು ಕಡಿಮೆ.

ಹೀಗೆ ಸೋರಿದ ನಂಬರಿಗೇ ಮುಂದಿನ ಕರೆ ಬರುವುದು. ಕೊರಿಯರ್‌ನವರೆಂದು ಹೇಳಿ ಸ್ಟಾರ್‌ನಿಂದ ಶುರುವಾಗುವ ಕೋಡ್ ಒತ್ತಿಸಿದರೆ ನಿಮ್ಮ ಕರೆಗಳು ಅವರ ಫೋನಿಗೆ ತಿರುಗುತ್ತವೆ. ವಾಟ್ಸ್‌ಆ್ಯಪ್‌ನ ಆರಂಕಿ ಕೋಡನ್ನು ಹಾಗೆ ತಿರುಗಿದ ಕರೆಯಲ್ಲೇ ಕೇಳಿಸಿಕೊಂಡು ಖಾತೆ ಹೊಡೆಯುತ್ತಾರೆ. ಈ ಕಾಟಕ್ಕೇ 2024ರ ಏಪ್ರಿಲ್‌ನಿಂದ ಕೋಡ್ ಒತ್ತಿ ಕರೆ ತಿರುಗಿಸುವ ಸೇವೆಯನ್ನು ನಿಲ್ಲಿಸಲು ದೂರಸಂಪರ್ಕ ಇಲಾಖೆ ಹೇಳಿತು. ಆಮೇಲೆ ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚೀಟಿ ಎಂದು ಎಪಿಕೆ ಫೈಲ್‌ಗಳು, ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲ್‌ಗಳು, ಬಂದವು. ಇನ್‌ಸ್ಟಾಲ್ ಮಾಡಿ ಕೇಳಿದ್ದಕ್ಕೆಲ್ಲ ಅನುಮತಿ ಕೊಟ್ಟರೆ ಒಟಿಪಿಯನ್ನು ಅವೇ ಓದಿಕೊಳ್ಳುತ್ತವೆ. ಪರಿಚಿತರ ನಂಬರಿನಿಂದಲೇ ಬಂದಾವು, ಅವರ ಖಾತೆ ಆಗಲೇ ಹೋಗಿದ್ದರೆ. ವಾಟ್ಸ್‌ಆ್ಯಪ್‌ನಲ್ಲಿ ಎರಡು ಹಂತದ ಪಿನ್ 2017ರಿಂದಲೂ ಇದೆ. ಅದೊಂದಿದ್ದರೆ ಆರಂಕಿ ಕೋಡ್ ಸಿಕ್ಕರೂ ಖಾತೆ ಸುಲಭಕ್ಕೆ ಕೈಬಿಡದು. ಗ್ರೂಪಿಗೆ ಯಾರು ಸೇರಿಸಬಹುದು ಎಂಬುದನ್ನು 2019ರಿಂದ ನಾವೇ ನಿರ್ಧರಿಸಬಹುದು. ನಮ್ಮ ಖಾತೆ ಬೇರೆಲ್ಲಿ ತೆರೆದಿದೆ ಎಂದು ತೋರಿಸುವ ಲಿಂಕ್ಡ್ ಡಿವೈಸಸ್‌ನಲ್ಲಿ ಅಪರಿಚಿತ ಕಂಪ್ಯೂಟರ್ ಕಂಡರೆ ಕೂಡಲೇ ತೆಗೆಯಬೇಕು. ದುಡ್ಡು ಹೋದರೆ ನಾಚಿಕೊಂಡು ಕೂರದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಜಾರುತ್ತದೆ.

ಇನ್ನು ಕಾನೂನು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳು. ಮನೆಮಟ್ಟಿನ, ವೈಯಕ್ತಿಕ ಬಳಕೆಗೆ ಈ ಕಾಯ್ದೆ ಅನ್ವಯಿಸದು. ಹಾಗಾಗಿ ಒಕ್ಕದ (ಕೊಡವ ಮನೆತನದ) ಗ್ರೂಪಿನಲ್ಲಿ ಯಾರದೋ ನಂಬರ್ ಹಾಕಿದವರನ್ನು ಅದು ಕೇಳುವುದಿಲ್ಲ. ವ್ಯವಹಾರಕ್ಕೆಂದು ಅತಿಥಿಗಳ, ಕಾರ್ಮಿಕರ ಆಧಾರ್ ಫೋಟೊ ಇಟ್ಟುಕೊಂಡ ಹೋಮ್‌ಸ್ಟೇ ಮತ್ತು ತೋಟಗಳನ್ನು ಕೇಳುತ್ತದೆ.