ಬಡವರಿಗೆ ಸುಮ್ನೆ ದುಡ್ಡು ಕೊಟ್ಟರೆ ಸೋಮಾರಿಗಳಾಗುತ್ತಾರಾ?

ಪ್ರಶ್ನೆ: ಬಡವರ ಕೈಗೆ ನೇರವಾಗಿ ಹಣ ಕೊಟ್ಟರೆ ಕುಡಿದು ಹಾಳು ಮಾಡಲ್ವಾ? ದುಡಿಯುವುದನ್ನೇ ಬಿಟ್ಟುಬಿಡಲ್ವಾ?

ಗೃಹಲಕ್ಷ್ಮಿ ಯೋಜನೆ ಬಂದ ಮೇಲೆ ಈ ಮಾತು ನಮ್ಮ ಊರುಗಳಲ್ಲೂ ಜಾಸ್ತಿ ಕೇಳಿಬರುತ್ತಿದೆ. ಬೇರೆ ದೇಶಗಳಲ್ಲಿ ಇದನ್ನು ವರ್ಷಗಟ್ಟಲೆ ಪರೀಕ್ಷಿಸಿ ನೋಡಿದ್ದಾರೆ. ಸಿಕ್ಕ ಉತ್ತರ: ಇಲ್ಲ, ಹಾಗಾಗುವುದಿಲ್ಲ.

ಕುಡಿತದ ವಿಷಯವನ್ನು ವಿಶ್ವಬ್ಯಾಂಕಿನ ಸಂಶೋಧಕರು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಹಣ ಬಂದಿತೆಂದು ಹೆಂಡ, ತಂಬಾಕಿನ ಖರ್ಚು ಏರಿರಲಿಲ್ಲ. ದುಡಿಮೆಯ ಪ್ರಶ್ನೆಯನ್ನು ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ಎತ್ತಿಕೊಂಡರು. ಆರು ದೇಶಗಳ ಏಳು ಯೋಜನೆಗಳನ್ನು ತೂಗಿ ನೋಡಿದರೂ ಜನ ಕೆಲಸ ಬಿಟ್ಟರು ಎನ್ನಲು ಆಧಾರ ಸಿಗಲಿಲ್ಲ.

ಹಾಗಾದರೆ ಆ ದುಡ್ಡು ಎಲ್ಲಿಗೆ ಹೋಗುತ್ತದೆ? ಕೀನ್ಯಾದ ಸಿಯಾಯ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥದ್ದು) ಇದು ಚೆನ್ನಾಗಿ ಕಾಣುತ್ತದೆ. ಅಲ್ಲಿ ಗಿವ್‌ಡೈರೆಕ್ಟ್ಲಿ ಎಂಬ ಸಂಸ್ಥೆ 10,500ಕ್ಕೂ ಹೆಚ್ಚು ಮನೆಗಳಿಗೆ ತಲಾ ಸುಮಾರು 1,000 ಡಾಲರ್ ಕೊಟ್ಟಿತು. ಒಂದು ಮನೆಯ ವರ್ಷದ ಖರ್ಚಿನ ಮುಕ್ಕಾಲು ಪಾಲು ಅದು. ಹುಲ್ಲಿನ ಚಾವಣಿ ಇರುವ ಮನೆಗಳನ್ನೇ ಆರಿಸಿದರು. ಹಣ ಬಂದದ್ದು ಮೊಬೈಲಿಗೆ, ಮಧ್ಯೆ ದಲ್ಲಾಳಿ ಇಲ್ಲ.

ಹುಲ್ಲಿನ ಚಾವಣಿ ಮಳೆಗೆ ಸೋರುತ್ತದೆ, ಮತ್ತೆ ಮತ್ತೆ ಹೊಸ ಹುಲ್ಲು ಹೊದಿಸಬೇಕು. ದುಡ್ಡು ಕೈಸೇರಿದ ಎಷ್ಟೋ ಮನೆಗಳವರು ಮೊದಲು ಹಾಕಿಸಿದ್ದು ತಗಡಿನ ಶೀಟು. ವರ್ಷ ವರ್ಷ ಹುಲ್ಲಿಗೆ ಹೋಗುತ್ತಿದ್ದ ಖರ್ಚು ಉಳಿಯಿತು. ಇದು ಸೋಮಾರಿಗಳು ಮಾಡುವ ಲೆಕ್ಕಾಚಾರವೇ ಅಲ್ಲ.

ಇಷ್ಟೊಂದು ದುಡ್ಡು ಊರಿಗೆ ಬಂದಾಗ ಸಾಮಾನಿನ ಬೆಲೆ ಏರಲಿಲ್ಲವೇ ಎಂದು ಕೇಳಬಹುದು, ಕೇಳಲೇಬೇಕಾದ ಪ್ರಶ್ನೆ. ಏರಿದ್ದು ಸರಾಸರಿ ಶೇ 0.1ರಷ್ಟು. ಹಳ್ಳಿಯ ಅಂಗಡಿ, ಹಿಟ್ಟಿನ ಗಿರಣಿಗಳಿಗೆ ಮೊದಲು ಗಿರಾಕಿಗಳೇ ಸಾಲುತ್ತಿರಲಿಲ್ಲ. ಜನ ಬಂದಾಗ ಹೊಸ ಗಿರಣಿ ಬೇಕಾಗಲಿಲ್ಲ, ಇದ್ದದ್ದೇ ಇನ್ನಷ್ಟು ಹೊತ್ತು ಓಡಿತು. ಕೊಟ್ಟ ಒಂದೊಂದು ಡಾಲರಿಗೆ ಆ ಸೀಮೆಯಲ್ಲಿ ಸುಮಾರು ಎರಡೂವರೆ ಡಾಲರಿನಷ್ಟು ವಹಿವಾಟು ಬೆಳೆಯಿತು. ಹಣ ಸಿಗದ ಅಕ್ಕಪಕ್ಕದ ಮನೆಯವರ ಕೂಲಿ ಸಂಪಾದನೆಯೂ ಹೆಚ್ಚಿತು. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ.

ಹೇಗೆ ಕೊಡುತ್ತಾರೆ ಎಂಬುದರಿಂದಲೂ ಫಲ ಬದಲಾಗುತ್ತದೆ. ಕೀನ್ಯಾದಲ್ಲೇ ನಡೆದ ಇನ್ನೊಂದು ಪ್ರಯೋಗದಲ್ಲಿ ತಿಂಗಳು ತಿಂಗಳು ಪಡೆದವರ ಊಟ ಸುಧಾರಿಸಿತು. ಒಂದೇ ಸಲ ಪಡೆದವರು ಶೀಟು, ಮನೆ ಸಾಮಾನಿನಂಥ ಬಾಳಿಕೆಯ ವಸ್ತುಗಳಿಗೆ ಹಾಕಿದರು. ನಮ್ಮ ಗೃಹಲಕ್ಷ್ಮಿಯ ತಿಂಗಳಿಗೆ 2,000 ರೂಪಾಯಿ ಮೊದಲ ಬಗೆಯದು. ಅದರಿಂದ ಮನೆಗೆ ರೇಷನ್ನು, ಮಕ್ಕಳಿಗೆ ಪುಸ್ತಕ ಬರಬಹುದು. ಅಷ್ಟರಿಂದಲೇ ಹಸು ಕೊಳ್ಳಲಿ, ಅಂಗಡಿ ಇಡಲಿ ಎನ್ನುವುದು ಅನ್ಯಾಯ, ಅಲ್ವಾ?

ಒಂದು ಮಿತಿ ಇದೆ. ಊರಲ್ಲಿ ವೈದ್ಯರೇ ಇಲ್ಲದಿದ್ದರೆ ಕೈಯಲ್ಲಿ ದುಡ್ಡಿದ್ದೂ ಮಗುವಿಗೆ ಔಷಧಿ ಸಿಗುವುದಿಲ್ಲ. ಮೆಕ್ಸಿಕೋ 1997ರಲ್ಲಿ ಪ್ರೊಗ್ರೆಸಾ ಯೋಜನೆ ಶುರು ಮಾಡಿದಾಗ ಮಕ್ಕಳು ಶಾಲೆಗೆ ಹೋಗಬೇಕು, ಆರೋಗ್ಯ ತಪಾಸಣೆ ಮಾಡಿಸಬೇಕು ಎಂಬ ಷರತ್ತು ಹಾಕಿ ತಾಯಂದಿರಿಗೆ ಹಣ ಕೊಟ್ಟಿತು. ಶಾಲೆಗೆ ಸೇರುವ ಮಕ್ಕಳು, ಅದರಲ್ಲೂ ಮೇಲಿನ ತರಗತಿಯ ಹುಡುಗಿಯರು, ಹೆಚ್ಚಾದರು. ಆದರೆ ಇಂಥ ಷರತ್ತು ಹಾಕುವ ಮೊದಲು ಹತ್ತಿರದಲ್ಲಿ ಶಾಲೆ, ಆಸ್ಪತ್ರೆ ಇರಬೇಕು. ಅದನ್ನು ಕಟ್ಟುವುದು ಸರ್ಕಾರದ ಕೆಲಸ, ಆ ತಾಯಂದಿರದ್ದಲ್ಲ.